ಚಕ್ರದ ಮನೆಯ ಜಲಬಿಂದು

ಈ ಸಂಗತಿಯನ್ನು ನನಗೆ ಮೊದಲು ಹೇಳಿದವರು ಬಾಣಾವರದ ಹನುಮಂತಯ್ಯನವರು. ಅವರು ಮೂವತ್ತೆರಡು ವರ್ಷ ಸರ್ಕಾರಿ ಕಚೇರಿಗಳ ಟಪಾಲು ವಿಭಾಗದಲ್ಲಿದ್ದು ನಿವೃತ್ತರಾದವರು. ಒಳಗೆ ಬಂದ ಕಾಗದಕ್ಕೊಂದು ನಂಬರು, ಹೊರಗೆ ಹೋದ ಕಾಗದಕ್ಕೊಂದು ನಂಬರು ಕೊಟ್ಟವರೇ ಹೊರತು ಸುಳ್ಳು ಹೇಳಿದವರಲ್ಲ. ಮಠದ ದಾಸೋಹದಲ್ಲಿ ನನ್ನ ಪಕ್ಕದ ಎಲೆಗೆ ಕೂತಿದ್ದರು. ಮಜ್ಜಿಗೆ ಬರುವ ಹೊತ್ತಿಗೆ ಶುರು ಮಾಡಿ, ಕೈ ತೊಳೆದ ಮೇಲೂ ಕಂಬಕ್ಕೆ ಒರಗಿ ನಿಂತು ಮುಗಿಸಿದರು. ಆಮೇಲೆ ನಾನೂ ಹೋಗಿ ಕಣ್ಣಾರೆ ನೋಡಿಕೊಂಡು ಬಂದು, ದೇವರನ್ನು ನೆನೆದು, ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತಿದ್ದೇನೆ.

ಜಾವಗಲ್ ದಾಟಿ ಹಳೇಬೀಡಿನ ಕಡೆಗೆ ನಾಲ್ಕು ಮೈಲಿ ಹೋದರೆ ಎಡಗಡೆ ಸಿಗುವ ಸರ್ಕಾರಿ ಜಾಗದಲ್ಲಿ ನಿಂತಿರುವ ಸಂಚಾರಿ ಅತಿಥಿಗೃಹ ಸಂಖ್ಯೆ ಒಂದರ ನೆಲದಲ್ಲಿ, ಕಳೆದ ವರ್ಷ ಆಗಸ್ಟ್ ತಿಂಗಳಲ್ಲಿ, ನೀರು ಇರುವುದು ಪತ್ತೆಯಾಯಿತು. ಇದು ದಾಖಲೆಯಲ್ಲಿದೆ.

ಸಂಚಾರಿ ಅತಿಥಿಗೃಹ ಎಂದರೆ ಜೀಪಿನ ಹಿಂದೆ ಕಟ್ಟಿ ಎಳೆದುಕೊಂಡು ಹೋಗುವ ಎರಡು ಚಕ್ರದ ಮನೆ. ಒಳಗೆ ಎರಡು ಹಾಸಿಗೆ, ಒಂದು ಸ್ಟೌ, ಕೈ ತೊಳೆಯುವ ಬೇಸಿನ್ನು, ಮುಂದಿನ ಕಿಟಕಿಯ ಕೆಳಗೆ ಕೂತು ಉಣ್ಣುವುದಕ್ಕೆ ಒಂದು ಬೆಂಚು. ಸುತ್ತಲಿನ ಹಳ್ಳಿಯವರು ಚಕ್ರದ ಮನೆ ಎನ್ನುತ್ತಾರೆ. ಹಳೇಬೀಡಿಗೆ ಬಂದ ಪ್ರವಾಸಿಗರು ಅರ್ಧ ಗಂಟೆಯಲ್ಲಿ ದೇವಸ್ಥಾನ ನೋಡಿ, ಎಳನೀರು ಕುಡಿದು ಹೊರಟುಬಿಡುತ್ತಾರೆ, ಅವರನ್ನು ಒಂದು ರಾತ್ರಿಯಾದರೂ ಉಳಿಸಿಕೊಳ್ಳಬೇಕು ಎಂಬ ಘನ ಉದ್ದೇಶದಿಂದ ಸಂಚಾರಿ ಅತಿಥಿಗೃಹ ನಿರ್ವಹಣಾ ಘಟಕವೆಂಬುದು ಅರಸೀಕೆರೆಯಲ್ಲಿ ಸ್ಥಾಪನೆಯಾಗಿತ್ತು. ಮನೆ ಮಂಜೂರಾಯಿತು. ಎಳೆಯುವ ಜೀಪು ಇನ್ನೊಂದು ಕಡತದಲ್ಲಿತ್ತು, ಅದು ಆಗಲಿಲ್ಲ. ಹಾಗಾಗಿ ಮನೆ ಬಂದ ದಿನ ಅದರ ಮೂತಿಯನ್ನು ಎರಡು ಸೈಜುಗಲ್ಲಿನ ಮೇಲೆ ಇಳಿಸಿದವರು ಮತ್ತೆ ಎತ್ತಲಿಲ್ಲ. ಹಿಂದೆ ಎತ್ತರ, ಮುಂದೆ ತಗ್ಗು. ಮಳೆ ಬಂದರೆ ಸೂರಿನ ನೀರೆಲ್ಲ ಮುಂದಿನ ಕಿಟಕಿಗೇ ಹರಿಯುತ್ತಿತ್ತು.

ಇದಕ್ಕೆ ಕಾವಲುಗಾರ ಗಂಗಯ್ಯ. ಒಂಬತ್ತು ವರ್ಷದಿಂದ ದಿನಗೂಲಿ ನೌಕರ. ಎಲ್ಲಿ ನಿಲ್ಲು ಎಂದರೆ ಅಲ್ಲಿ ನಿಂತವನು. ಘಟಕದವರು ಅವನ ವಿಷಯದಲ್ಲಿ ಒಂದು ಆದೇಶ ಹೊರಡಿಸಿದ್ದರು. ಹೊರ ಜಿಲ್ಲೆಯ ಅತಿಥಿಯೊಬ್ಬರು ಅತಿಥಿಗೃಹದಲ್ಲಿ ಒಂದು ರಾತ್ರಿ ತಂಗಿ ಪುಸ್ತಕದಲ್ಲಿ ಸಹಿ ಹಾಕಿದ ದಿನದಿಂದ ಸದರಿ ಗಂಗಯ್ಯನ ಸೇವೆಯನ್ನು ಖಾಯಂಗೊಳಿಸತಕ್ಕದ್ದು. ಮಾರ್ಚ್ ಮೂವತ್ತೊಂದರೊಳಗೆ ಯಾರೂ ತಂಗದಿದ್ದಲ್ಲಿ, ಅಲ್ಲಿ ಕಾವಲಿಗೆ ಯೋಗ್ಯವಾದದ್ದು ಏನೂ ಇಲ್ಲವೆಂದು ಭಾವಿಸಿ ಅವನನ್ನು ಬಿಡುಗಡೆ ಮಾಡತಕ್ಕದ್ದು. ಗಂಗಯ್ಯ ಆ ಆದೇಶಕ್ಕೆ ಪ್ಲಾಸ್ಟಿಕ್ ಹೊದಿಸಿ ದೇವರ ಪಟದ ಹಿಂದೆ ಇಟ್ಟುಕೊಂಡಿದ್ದ.

ಆಗಸ್ಟಿನ ಮಳೆ ಹಿಡಿದಾಗ ಮನೆಯೊಳಗೆ ಒಂದು ವಾಸನೆ ಶುರುವಾಯಿತು. ಕೊಬ್ಬರಿಯನ್ನು ಒದ್ದೆ ಗೋಣಿಚೀಲದಲ್ಲಿ ಕಟ್ಟಿಟ್ಟು ಮರೆತರೆ ಬರುತ್ತದಲ್ಲ, ಅಂಥದ್ದು. ಗಂಗಯ್ಯ ಊದುಬತ್ತಿ ಹಚ್ಚಿದ. ಅದೇ ವಾರ ದಾವಣಗೆರೆಯ ನಿವೃತ್ತ ಮೇಷ್ಟರೊಬ್ಬರು ಹೆಂಡತಿಯ ಜೊತೆ ಬಂದು ತಂಗುತ್ತೇವೆ ಎಂದರು. ಗಂಗಯ್ಯ ಅವರ ಚೀಲವನ್ನು ತಾನೇ ಹೊತ್ತುಕೊಂಡು ಒಳಗಿಟ್ಟ. ಮೇಷ್ಟರು ಮುಂದಿನ ಕಿಟಕಿಯ ಹತ್ತಿರ ಹೋಗಿ, ಹೊರಗಿನ ತೆಂಗಿನ ಸಾಲು ಬಹಳ ಚೆನ್ನಾಗಿದೆ ಎಂದರು. ಹೇಳುತ್ತಿರುವಾಗಲೇ ಅವರ ಬಲಗಾಲು, ನೆಲಕ್ಕೆ ಹಾಸಿದ್ದ ರಬ್ಬರ್ ಹಾಸಿನ ಸಮೇತ, ಹರಡಿನವರೆಗೆ ಕೆಳಗಿಳಿಯಿತು. ಶಬ್ದವೇನೂ ಆಗಲಿಲ್ಲ. ಹೋಳಿಗೆಯ ಮೇಲೆ ಯಾರೂ ಕಾಲಿಡುವುದಿಲ್ಲ. ಇಟ್ಟರೆ ಹೇಗೋ ಹಾಗೆ. ಅವರು ದೊಡ್ಡ ಮನುಷ್ಯರು, ಬೇಜಾರು ಮಾಡಿಕೊಳ್ಳದೆ ಕಾಲು ಬಿಡಿಸಿಕೊಂಡು, ಇನ್ನೊಂದು ಸಲ ಬರುತ್ತೇವೆ ಎಂದು ಹೇಳಿ ಬೇಲೂರಿನ ಲಾಡ್ಜಿಗೆ ಹೋದರು.

ಮಾರನೆಯ ದಿನ ಗಂಗಯ್ಯ ಜಾವಗಲ್ಲಿಗೆ ಹೋಗಿ ಬಡಗಿ ಪುಟ್ಟಸ್ವಾಮಿಯನ್ನು ಕರೆತಂದ. ಪುಟ್ಟಸ್ವಾಮಿ ಮೊದಲು ಎತ್ತಿನ ಗಾಡಿ ಮಾಡುತ್ತಿದ್ದವನು, ಈಗ ಟೆಂಪೋಗಳಿಗೆ ಮರದ ಬಾಡಿ ಕಟ್ಟುತ್ತಾನೆ. ಅವನು ಹಾಸನ್ನು ಸುತ್ತಿ ಎತ್ತಿ, ಸ್ಕ್ರೂಡ್ರೈವರಿನಿಂದ ಅಡಿಗಡಿಗೆ ಚುಚ್ಚುತ್ತ ಬಂದ. ಹಿಂದುಗಡೆ ಟಕ್ ಟಕ್ ಎನ್ನುತ್ತಿದ್ದುದು ಬೆಂಚಿನ ಹತ್ತಿರ ಬರುವ ಹೊತ್ತಿಗೆ ಹಿಡಿಯವರೆಗೂ ಇಳಿಯಿತು. ಪ್ಲೈವುಡ್ಡು ಕಪ್ಪಗಾಗಿ ಪದರ ಪದರ ಬಿಟ್ಟಿತ್ತು. ಆಮೇಲೆ ಕಿಟಕಿಯ ಸುತ್ತಿನ ರಬ್ಬರಿನ ಮೇಲೆ ಬೆರಳಾಡಿಸಿ, ಸೀಳು ಬಿಟ್ಟ ಜಾಗವನ್ನು ತೋರಿಸಿದ.

"ಗಂಗಣ್ಣ, ನೀರು ಬತ್ತಿರಾದು ಇಲ್ಲಿಂದ. ಗೋಡೆ ಒಳಗೇ ಇಳ್ಕಂಡು ನೆಲಕ್ಕೆ ಹೋಗೈತೆ. ಒಳ್ಳೆ ಮರ ಸಿಗೋವರ್ಗೂ ಕೊಳ್ತಿದ್ದೆಲ್ಲ ಕುಯ್ದು ತೆಗೀಬೇಕು. ಎರಡು ದಿನ ಒಣಗಕ್ಕೆ ಬಿಡ್ಬೇಕು. ಕೆಳಗಿನ ರೀಪರು ಬದಲಾಯ್ಸಿ, ಹೊಸ ಪ್ಲೈವುಡ್ಡು ಬಡ್ದು, ಕಿಟಕಿಗೆ ಗಮ್ಮು ತುಂಬಿದ್ರೆ ಆಯ್ತು. ಮೂರೇ ದಿನದ ಕೆಲ್ಸ."

"ಮೂರು ದಿನ ಸಾಕಾ?" ಎಂದು ಗಂಗಯ್ಯ ಕೇಳಿದ. ಮಾರ್ಚಿಗೆ ಇನ್ನೂ ಏಳು ತಿಂಗಳಿತ್ತು.

"ಅಪ್ಪಣೆ ಸಿಕ್ಕಿದ್ರೆ ಮೂರು ದಿನ."

ಅರಸೀಕೆರೆಯ ಘಟಕದಲ್ಲಿ ಶಶಿಧರ್ ಎಂಬ ಅಧಿಕಾರಿ. ವಿನಯವಂತರು, ಬಂದವರನ್ನು ಕೂರಿಸಿ ಮಾತಾಡಿಸುವವರು, ನಿಯಮ ಬಿಟ್ಟು ನೀರನ್ನೂ ಕುಡಿಯದವರು. ಅವರು ಗಂಗಯ್ಯನ ಅರ್ಜಿಯನ್ನು ಎರಡು ಸಲ ಓದಿ, ಮೊದಲು ಇದು ಕಟ್ಟಡವೋ ವಾಹನವೋ ಎಂಬುದು ತೀರ್ಮಾನವಾಗಬೇಕು ಎಂದರು. ಸೂರು, ಗೋಡೆ, ಕಿಟಕಿ ಇರುವುದರಿಂದ ನೆಲದಿಂದ ಮೇಲಿನದು ಕಟ್ಟಡ. ಚಕ್ರ ಇರುವುದರಿಂದ ನೆಲದಿಂದ ಕೆಳಗಿನದು ವಾಹನ. ನೆಲ ಮಾತ್ರ ಎರಡಕ್ಕೂ ನಡುವಿನ ಗಡಿ. ಯಾವ ವಿಭಾಗಕ್ಕೂ ಸೇರಿದ್ದಲ್ಲ. ಯಾರಿಗೂ ಸೇರದ ಜಾಗದಲ್ಲಿ ಏನು ಸಿಗುತ್ತದೆಯೋ ಅದರ ನಿಯಮವೇ ಆ ಜಾಗಕ್ಕೆ ಅನ್ವಯ ಎಂದು ಸುತ್ತೋಲೆ ಇತ್ತು. ಇಲ್ಲಿ ಸಿಕ್ಕಿದ್ದು ನೀರು. ಆದ್ದರಿಂದ ನೀರಿನ ನಿಯಮ.

ನೀರಿನ ನಿಯಮದಂತೆ, ದುರಸ್ತಿ ಮಾಡುವವನು ಪತ್ತೆ ಮಾಡಬಾರದು, ಪತ್ತೆ ಮಾಡುವವನು ದುರಸ್ತಿ ಮಾಡಬಾರದು. ಪುಟ್ಟಸ್ವಾಮಿ ಪತ್ತೆ ಮಾಡಿದ್ದು ಊರ್ಜಿತವಲ್ಲ. ಪತ್ತೆಗೆ ಮಾನ್ಯತೆ ಪಡೆದ ತಜ್ಞರ ಪಟ್ಟಿ ಕಚೇರಿಯಲ್ಲಿತ್ತು. ತೆಗೆದು ನೋಡಿದರೆ ಅದರಲ್ಲಿ ಒಂದೇ ಹೆಸರು: ಬಾಣಾವರ ಹೋಬಳಿಯ ಲಕ್ಕಪ್ಪ.

ಲಕ್ಕಪ್ಪ ಬೋರ್‌ವೆಲ್ಲಿಗೆ ಪಾಯಿಂಟ್ ತೋರಿಸುವವನು. ನಮ್ಮ ಕಡೆಯವರಿಗೆ ಇದನ್ನು ಹೇಳಬೇಕಾಗಿಲ್ಲ, ದೂರದವರಿಗಾಗಿ ಹೇಳುತ್ತೇನೆ. ಸುಲಿದ ತೆಂಗಿನಕಾಯಿಯನ್ನು ಅಂಗೈ ಮೇಲೆ ಅಡ್ಡ ಮಲಗಿಸಿಕೊಂಡು ಹೊಲದಲ್ಲಿ ನಡೆಯುತ್ತಾನೆ. ಅಡಿಯಲ್ಲಿ ನೀರಿದ್ದ ಕಡೆ ಕಾಯಿ ತಾನಾಗಿಯೇ ಎದ್ದು ನಿಲ್ಲುತ್ತದೆ. ಅವನು ಹೇಳಿದ ಕಡೆ ನೀರು ಬಂದದ್ದೂ ಉಂಟು, ಬರದೆ ಇದ್ದದ್ದೂ ಉಂಟು. ಬರದಿದ್ದಾಗ ಇನ್ನೂ ನೂರಡಿ ಹೋಗಬೇಕಾಗಿತ್ತು ಎನ್ನುತ್ತಾನೆ. ಅದನ್ನು ಯಾರೂ ಅಲ್ಲಗಳೆಯಲು ಆಗಿಲ್ಲ.

ನಿಗದಿಯಾದ ದಿನ ಲಕ್ಕಪ್ಪ ಸ್ನಾನ ಮಾಡಿ ಮಡಿ ಪಂಚೆ ಉಟ್ಟು ಬಂದ. ಚಪ್ಪಲಿ ಬಿಟ್ಟು, ಚಕ್ರದ ಮನೆಯ ಹೊಸ್ತಿಲಿಗೆ ಕೈಮುಗಿದು ಒಳಗೆ ಹೋದ. ಅದನ್ನು ಕೇಳಿ ನನಗೆ ಬಹಳ ಸಂತೋಷವಾಯಿತು. ಶಶಿಧರ್ ನಮೂನೆ ಹಿಡಿದು ಹಿಂದೆ ನಿಂತರು. ಬೆಂಚಿನ ಹತ್ತಿರ ಕಾಯಿ ಎದ್ದು ನಿಂತಿತು.

"ಇದು ನಾನು ತೋರಿಸಿದ್ದ ಜಾಗಾನೇ ಅಲ್ವಾ ಸ್ವಾಮಿ?" ಎಂದು ಬಾಗಿಲಲ್ಲಿದ್ದ ಪುಟ್ಟಸ್ವಾಮಿ ಕೇಳಿದ.

"ನೀವು ತೋರಿಸಿದ್ದು ಕೊಳೆತ ಮರ. ಇವರು ತೋರಿಸಿದ್ದು ನೀರು," ಎಂದು ಶಶಿಧರ್ ಶಾಂತವಾಗಿ ಹೇಳಿದರು.

ನಮೂನೆಯಲ್ಲಿ ಆಳ ಬರೆಯಬೇಕಾಗಿತ್ತು. ಲಕ್ಕಪ್ಪ ಅಂಗೈ ದಪ್ಪ ಎಂದ. ಅಚ್ಚಾದ ನಮೂನೆಯಲ್ಲಿ ಅತಿ ಕಡಿಮೆ ಆಳವೆಂದರೆ ನೂರರಿಂದ ಮುನ್ನೂರು ಅಡಿ. ಶಶಿಧರ್ ಅದಕ್ಕೇ ಗುರುತು ಹಾಕಿದರು. ಇನ್ನು ಇಳುವರಿ. ಅದಕ್ಕೆ ಏಳು ದಿನದ ಅಳತೆ ಬೇಕು. ಗಂಗಯ್ಯ ದಿನಾ ಬೆಳಿಗ್ಗೆ ನೆಲದ ಮೇಲೆ ಹತ್ತಿಬಟ್ಟೆ ಒತ್ತಿ, ಹಿಂಡಿ, ಅಳೆದ. ಆ ವಾರ ಸೋನೆ ಮಳೆ ಬಿಡದೆ ಹಿಡಿದಿತ್ತು. ಏಳು ದಿನವೂ ಒಂದೊಂದು ಚೊಂಬು ತುಂಬಿತು. ಎಷ್ಟು ಹೆಚ್ಚು ನೀರು ತೋರಿಸಿದರೆ ಅಷ್ಟು ಬೇಗ ದುರಸ್ತಿಯಾಗುತ್ತದೆ ಎಂದುಕೊಂಡು ಅವನು ಬಟ್ಟೆಯನ್ನು ಕೊನೆಯ ಹನಿಯವರೆಗೂ ಹಿಂಡಿದ್ದ. ತಪ್ಪು ಆದದ್ದು ಅಲ್ಲೇ.

ನಮೂನೆ ಬೇಲೂರಿಗೆ ಹೋಯಿತು. ಅಲ್ಲಿ ಜಲಬಿಂದು ನೋಂದಣಿ ಕೋಶ ಎಂಬ ಕಚೇರಿ; ಅದರ ಮುಖ್ಯಸ್ಥೆ ಮೀನಾಕ್ಷಿ ಮೇಡಂ. ಸುತ್ತ ಸಾವಿರ ಅಡಿ ಕೊರೆದವರಿಗೆ ಬರೀ ಪುಡಿ ಬರುತ್ತಿರುವ ಕಾಲದಲ್ಲಿ, ಏಳಕ್ಕೆ ಏಳು ದಿನವೂ ಇಳುವರಿ ಕೊಟ್ಟ ಬಿಂದುವನ್ನು ಅವರು ತಮ್ಮ ಸೇವಾವಧಿಯಲ್ಲಿ ಕಂಡಿರಲಿಲ್ಲ. ಒಂದೇ ವಾರದಲ್ಲಿ ನೋಂದಣಿ ಮಾಡಿ ಅಭಿನಂದನಾ ಪತ್ರ ಕಳಿಸಿದರು. ಜೊತೆಗೆ ಒಂದು ನೀಲಿ ಫಲಕ ಬಂತು, ಅದನ್ನು ಚಕ್ರದ ಮನೆಯ ಬಾಗಿಲಿಗೆ ಹೊಡೆಯಲಾಯಿತು:

"ನೋಂದಾಯಿತ ಜಲಬಿಂದು. ಇದನ್ನು ಮುಚ್ಚುವುದು, ತಡೆಯುವುದು, ಒಣಗಿಸುವುದು ಅಥವಾ ಇದರ ಮೇಲೆ ಯಾವುದೇ ಹಲಗೆ ಹೊಡೆಯುವುದು ಶಿಕ್ಷಾರ್ಹ ಅಪರಾಧವಾಗಿರುತ್ತದೆ."

ಪ್ಲೈವುಡ್ಡು ಹೇರಿಕೊಂಡು ಬಂದಿದ್ದ ಪುಟ್ಟಸ್ವಾಮಿ ಫಲಕವನ್ನು ಓದಿ, ಆಟೋ ಇಳಿಯದೆ ಹಾಗೇ ತಿರುಗಿಸಿಕೊಂಡು ಹೋದ. ಗಂಗಯ್ಯ ಅರಸೀಕೆರೆಗೆ ಓಡಿದ. ನೆಲ ಹೀಗೇ ಇದ್ದರೆ ಅತಿಥಿ ತಂಗುವುದು ಹೇಗೆ, ಅತಿಥಿ ತಂಗದಿದ್ದರೆ ನಾನು ಖಾಯಂ ಆಗುವುದು ಹೇಗೆ ಎಂದು ಕೇಳಿದ. ಶಶಿಧರ್ ಅವನಿಗೆ ಕಾಫಿ ತರಿಸಿಕೊಟ್ಟು, ನಿಮ್ಮ ಕಷ್ಟ ನನಗೆ ಅರ್ಥವಾಗುತ್ತದೆ, ಆದರೆ ಅರ್ಥವಾಗುವುದಕ್ಕೆ ಯಾವ ನಮೂನೆಯೂ ಇಲ್ಲವಲ್ಲ ಎಂದರು.

ಅಲ್ಲಿಂದ ಮುಂದೆ ಗಂಗಯ್ಯನ ಮನೆಯಲ್ಲಿ ನಿತ್ಯ ಒಂದೇ ಮಾತು. ಹೆಂಡತಿ ಅನುಸೂಯಮ್ಮ ಅವನು ಸಂಜೆ ಬಾಗಿಲಿಗೆ ಬರುತ್ತಿದ್ದಂತೆ ಒಣಗಿತಾ ಎಂದು ಕೇಳುವಳು. ಅವನು ಇಲ್ಲ ಎನ್ನುವನು. "ನಮ್ಮಪ್ಪ ಬೋರು ಕೊರೆಸಿ ಕೊರೆಸಿ ನೀರು ಬರ್ನಿಲ್ಲ ಅಂತ ಕೊರಗ್ದ. ನನ್ ಗಂಡ ನೀರು ನಿಲ್ನಿಲ್ಲ ಅಂತ ಕೊರಗ್ತಾವ್ನೆ. ಶಿವನಿಗೆ ನಮ್ ಮನೆ ವಿಳಾಸ ಸರಿಯಾಗಿ ಗೊತ್ತಿಲ್ಲ ಅನ್ಸುತ್ತೆ ಕಣ್ರೀ," ಎಂದು ಒಂದು ದಿನ ಪಕ್ಕದ ಮನೆಯವಳ ಹತ್ತಿರ ಅಂದಳಂತೆ. ಶಿವನಿಗೆ ಗೊತ್ತಿಲ್ಲದ ವಿಳಾಸವಿಲ್ಲ. ಆದರೂ ಅವಳ ನೋವು ಅವಳದು.

ಪುಟ್ಟಸ್ವಾಮಿಗೆ ಸ್ನೇಹಿತನ ಮುಖ ನೋಡಲಾಗಲಿಲ್ಲ. ದೀಪಾವಳಿ ಕಳೆದ ಮೇಲೆ ಒಂದು ದಿನ ಚಕ್ರದ ಮನೆಯ ಕಡೆ ಬಂದವನು, ಗಂಗಯ್ಯ ಟೀ ತರಲು ಹೋಗಿದ್ದಾಗ, ತನ್ನ ಜೇಬಿನಲ್ಲಿದ್ದ ಗಮ್ಮಿನ ಟ್ಯೂಬು ತೆಗೆದು ಕಿಟಕಿಯ ರಬ್ಬರಿನ ಸೀಳಿಗೆ ಒತ್ತಿ, ಹೆಬ್ಬೆರಳಿನಿಂದ ನೀಟಾಗಿ ಸವರಿ, ಯಾರಿಗೂ ಹೇಳದೆ ಹೋದ. ಹಲಗೆ ಹೊಡೆಯಬಾರದು ಎಂದಿತ್ತು. ಕಿಟಕಿಯ ಮಾತು ಫಲಕದಲ್ಲಿರಲಿಲ್ಲ.

ಹಿಂಗಾರಿನ ಎರಡು ಮಳೆ ಬಂದವು, ಒಳಗೆ ಒಂದು ಹನಿಯೂ ಇಳಿಯಲಿಲ್ಲ. ಚಳಿಗಾಲದ ಒಣಗಾಳಿ ಬೀಸಿತು. ಸಂಕ್ರಾಂತಿಯ ಹೊತ್ತಿಗೆ ನೆಲ ಒಣಗಿ, ವಾಸನೆ ಹೋಗಿ, ಗಂಗಯ್ಯ ಆ ಜಾಗದ ಮೇಲೆ ಒಂದು ಮಣೆ ಹಾಕಿ ಮೇಲೊಂದು ಜಮಖಾನ ಹಾಸಿದ. ಹುಬ್ಬಳ್ಳಿಯ ಒಂದು ಸಂಸಾರ ಫೋನು ಮಾಡಿ ಫೆಬ್ರವರಿ ಎರಡನೇ ಶನಿವಾರ ತಂಗಲು ಬರುತ್ತೇವೆ ಎಂದಿತು. ಅನುಸೂಯಮ್ಮ ಅಂದು ಹೆಸರುಬೇಳೆ ಪಾಯಸ ಮಾಡಿದಳು.

ಆ ಶನಿವಾರಕ್ಕೆ ಇನ್ನೂ ಒಂದು ವಾರವಿರುವಾಗ ಮೀನಾಕ್ಷಿ ಮೇಡಂ ಆರು ತಿಂಗಳಿಗೊಮ್ಮೆ ಮಾಡುವ ಇಳುವರಿ ತಪಾಸಣೆಗೆ ಬಂದರು. ಜಮಖಾನ ತೆಗೆಸಿದರು, ಮಣೆ ತೆಗೆಸಿದರು, ತಾವೇ ತಂದಿದ್ದ ಬಟ್ಟೆ ಒತ್ತಿಸಿ ಹಿಂಡಿಸಿದರು. ಬಟ್ಟೆ ಒಗೆದು ಇಸ್ತ್ರಿ ಮಾಡಿದ ಹಾಗೇ ಇತ್ತು. ಆಮೇಲೆ ಕಿಟಕಿ ನೋಡಿದರು, ಗಮ್ಮು ಕಂಡಿತು. ಜಲಬಿಂದುವಿನ ಒಳಹರಿವಿಗೆ ಅನಧಿಕೃತ ತಡೆ ಎಂದು ಬರೆದುಕೊಂಡರು. ಸಂಜೆಯೊಳಗೆ ಹುಬ್ಬಳ್ಳಿಯವರ ಬುಕಿಂಗು ರದ್ದಾಯಿತು. ಗಂಗಯ್ಯನಿಗೆ ನೋಟಿಸು ಬಂತು: ತಮ್ಮ ಕಾವಲಿನಲ್ಲಿದ್ದ ದಿನಕ್ಕೆ ಒಂದು ಚೊಂಬು ನೀರು ಎಲ್ಲಿ ಹೋಯಿತು ಎಂಬುದಕ್ಕೆ ಮೂರು ದಿನದೊಳಗೆ ವಿವರಣೆ ಕೊಡತಕ್ಕದ್ದು.

ಗಂಗಯ್ಯನಿಗೆ ಗಮ್ಮು ಯಾರದೆಂದು ತಕ್ಷಣ ಗೊತ್ತಾಯಿತು. ಅಷ್ಟು ನೀಟಾಗಿ ಸವರುವ ಕೈ ಸುತ್ತಮುತ್ತ ಇನ್ನೊಂದಿಲ್ಲ. ಹೆಸರು ಹೇಳಲಿಲ್ಲ. ನೀರು ಆವಿಯಾಗಿ ಶಿವನ ಪಾದ ಸೇರಿದೆ ಎಂದು ಬರೆದು ಸಹಿ ಹಾಕಲು ಹೊರಟಿದ್ದ. ಆದರೆ ಪುಟ್ಟಸ್ವಾಮಿಯೇ ಅರಸೀಕೆರೆಗೆ ಹೋಗಿ, ಶಶಿಧರ್ ಮುಂದೆ ನಿಂತು ನಾನೇ ಹಾಕಿದ್ದು ಎಂದುಬಿಟ್ಟ.

ಶಶಿಧರ್ ನಿಯಮ ಪುಸ್ತಕ ತೆಗೆದು ಹಾಳೆ ತಿರುವಿದರು. ಒಳ್ಳೆಯವನನ್ನು ಜೈಲಿಗೆ ಕಳಿಸುವುದು ಅವರಿಗೂ ಬೇಕಿರಲಿಲ್ಲ. ಕೊನೆಗೆ ಅದರಲ್ಲಿ ಪುನಶ್ಚೇತನ ಎಂಬ ಅಧ್ಯಾಯ ಸಿಕ್ಕಿತು. ಅದರಂತೆ ಪುಟ್ಟಸ್ವಾಮಿಗೆ ಘಟಕದಿಂದ ಮೊದಲ ಬಾರಿಗೆ ಅಧಿಕೃತ ಕಾರ್ಯಾದೇಶ ದೊರೆಯಿತು: ಮುಂದಿನ ಕಿಟಕಿಯ ರಬ್ಬರನ್ನು ಮೊದಲು ಇದ್ದಷ್ಟೇ ಹಾಳು ಮಾಡಿಕೊಡುವುದು. ಅವನು ಅರ್ಧ ದಿನ ಕೂತು ಆ ಕೆಲಸ ಮಾಡಿದ. ಜನ್ಮದಲ್ಲಿ ಕೆಟ್ಟ ಕೆಲಸ ಮಾಡಿ ಅಭ್ಯಾಸವಿಲ್ಲದ್ದರಿಂದ ಮೊದಲ ಸಲ ಸೀಳು ಸಾಲದೆ, ಮೇಡಂ ವಾಪಸು ಕಳಿಸಿದ ಮೇಲೆ ಎರಡನೆಯ ಸಲ ಸರಿಯಾಗಿ ಕೆಡಿಸಿದ ಎಂದು ಹನುಮಂತಯ್ಯನವರು ಹೇಳಿದರು.

ರಬ್ಬರು ಹಾಳಾಯಿತು, ಮಳೆ ಮಾತ್ರ ಇರಲಿಲ್ಲ. ಮುಂಗಾರು ಬರುವವರೆಗೆ ಇಳುವರಿ ನಿಲ್ಲಬಾರದೆಂದು ಅರಸೀಕೆರೆಯಿಂದ ಟ್ಯಾಂಕರು ಗೊತ್ತಾಯಿತು. ಟ್ಯಾಂಕರಿನವನು ಜಾವಗಲ್ಲಿನ ಬೀದಿಯಲ್ಲಿ ಕೊಡ ಹಿಡಿದು ನಿಂತ ಹೆಂಗಸರನ್ನು ದಾಟಿಕೊಂಡು, ಚಕ್ರದ ಮನೆಯ ಕಿಟಕಿಯ ಮೇಲೆ ಪೈಪು ಹಿಡಿಯಬೇಕು. ಆ ಹೆಂಗಸರು ಮೊದಲ ವಾರ ಗಲಾಟೆ ಮಾಡಿದರು. ಈ ನೀರು ಕುಡಿಯುವುದಕ್ಕಲ್ಲ, ಜಲಬಿಂದುವಿಗೆ ಎಂದು ತಿಳಿಸಿ ಹೇಳಿದ ಮೇಲೆ ದಾರಿ ಬಿಟ್ಟರು.

ಈಗ ಪುನಶ್ಚೇತನಗೊಂಡ ಬಿಂದುವನ್ನು ನೋಡಿಕೊಳ್ಳಲು ಒಬ್ಬ ಬೇಕು. ಪ್ರತಿಯೊಂದು ನೋಂದಾಯಿತ ಜಲಬಿಂದುವಿಗೂ ಒಬ್ಬ ನೀರುಗಂಟಿ ಎಂದು ನಿಯಮ. ಹಿಂದೆ ಕೆರೆಯ ತೂಬು ನೋಡಿಕೊಳ್ಳುತ್ತಿದ್ದರಲ್ಲ, ಆ ನೀರುಗಂಟಿಯ ಹುದ್ದೆಯೇ. ಹುದ್ದೆ ಖಾಯಂ. ಅರ್ಹತೆ: ಸದರಿ ಜಲಬಿಂದುವಿನಲ್ಲಿ ಆರು ತಿಂಗಳ ಅನುಭವ. ಲೋಕದಲ್ಲಿ ಅಂಥ ಅನುಭವ ಇದ್ದವನು ಒಬ್ಬನೇ.

ಸಂದರ್ಶನ ಮಾರ್ಚ್ ಇಪ್ಪತ್ತೊಂಬತ್ತಕ್ಕೆ, ಬೇಲೂರಿನಲ್ಲಿ. ಅವನ ಬಿಡುಗಡೆಗೆ ಎರಡು ದಿನ ಉಳಿದಿತ್ತು. ಅನುಸೂಯಮ್ಮ ಹೊರಗಿನ ಬೆಂಚಿನಲ್ಲಿ ಸೆರಗು ಹಿಡಿದುಕೊಂಡು ಕೂತಿದ್ದಳು. ಒಳಗೆ ಮೀನಾಕ್ಷಿ ಮೇಡಂ, ಶಶಿಧರ್ ಇಬ್ಬರೂ ಇದ್ದರು. ಹೆಸರು, ವಯಸ್ಸು, ಓದು ಕೇಳಿದ ಮೇಲೆ ಮೇಡಂ ಕನ್ನಡಕ ತೆಗೆದಿಟ್ಟು ಕೊನೆಯ ಪ್ರಶ್ನೆ ಕೇಳಿದರು.

"ನಾಳೆ ಆ ನೆಲ ಒಣಗುವ ಹಾಗೆ ಕಂಡರೆ ಏನು ಮಾಡ್ತೀರಿ ಗಂಗಯ್ಯ?"

ಆ ನೆಲ ಒಣಗಲಿ ಎಂದು ಅವನು ಹಚ್ಚಿದ ಊದುಬತ್ತಿ ಎಷ್ಟೋ, ಹೊತ್ತ ಹರಕೆ ಎಷ್ಟೋ. ಶಶಿಧರ್ ಮೇಜಿನ ಮೇಲಿದ್ದ ನೀರಿನ ಲೋಟವನ್ನು ಅವನ ಕಡೆ ಸರಿಸಿದರು. ಅವನು ಕುಡಿಯಲಿಲ್ಲ, ಲೋಟವನ್ನೇ ನೋಡಿದ.

"ಒಣಗಾಕೆ ಬಿಡಾಕಿಲ್ಲ ಮೇಡಂ," ಎಂದ.

ಅವತ್ತೇ ಆದೇಶ ಕೈಗೆ ಬಂತು. ಅವನು ಹೊರಗೆ ಬಂದಾಗ ಅನುಸೂಯಮ್ಮ ಅಭ್ಯಾಸ ಬಲದಿಂದ ಒಣಗಿತಾ ಎಂದು ಕೇಳಲು ಬಾಯಿ ತೆರೆದವಳು, ಅವನ ಮುಖ ನೋಡಿ ಕೈಮುಗಿದಳು.

ನಾನು ಹೋದದ್ದು ಜ್ಯೇಷ್ಠ ಮಾಸದಲ್ಲಿ. ಗಂಗಯ್ಯ ಖಾಕಿ ಅಂಗಿ ಹಾಕಿಕೊಂಡು, ಎದೆಯ ಮೇಲೆ ಹಿತ್ತಾಳೆ ಬಿಲ್ಲೆ ಧರಿಸಿ, ಬೆಂಚಿನ ಪಕ್ಕ ಟ್ಯಾಂಕರಿನ ನಾಲ್ಕು ಕೊಡ ನೀರನ್ನು ನಿಧಾನವಾಗಿ ಸುರಿಯುತ್ತಿದ್ದ. ಕಾಲು ಗಂಟೆ ಇಂಗಲು ಬಿಟ್ಟು, ಬಟ್ಟೆ ಒತ್ತಿ ಹಿಂಡಿ, ಒಂದು ಚೊಂಬು ಎಂದು ಪುಸ್ತಕದಲ್ಲಿ ಬರೆದ. ನಾಲ್ಕು ಕೊಡ ಹಾಕಿದರೆ ಒಂದೇ ಚೊಂಬು ಬರುತ್ತದಲ್ಲ ಎಂದೆ. ಕೆಲವು ಬೋರುಗಳಲ್ಲಿ ಅದೂ ಬರುವುದಿಲ್ಲ ಎಂದ. ಮಾತು ನಿಜ. ಪುಟ್ಟಸ್ವಾಮಿ ಆ ಜಾಗದ ಸುತ್ತ ತೇಗದ ಕಟಕಟೆ ಕಟ್ಟಿಕೊಟ್ಟಿದ್ದಾನೆ, ಬಹಳ ಚೊಕ್ಕ ಕೆಲಸ. ಶಾಲೆಯ ಮಕ್ಕಳನ್ನು ಸಾಲಾಗಿ ಕರೆತಂದು ತೋರಿಸುತ್ತಾರೆ. ಹಳೇಬೀಡಿಗೆ ಬಂದ ಪ್ರವಾಸಿಗರೂ ಈಗ ಇಲ್ಲಿ ನಿಲ್ಲುತ್ತಾರೆ. ದೇವಸ್ಥಾನಕ್ಕೆ ಅರ್ಧ ಗಂಟೆಯಾದರೆ ಇದಕ್ಕೆ ಮುಕ್ಕಾಲು ಗಂಟೆ. ನಾನು ಕಟಕಟೆಯ ಹೊರಗೆ ನಿಂತು ಕೈಮುಗಿದೆ. ನೀರು ಯಾವ ದಾರಿಯಲ್ಲಿ ಬಂದರೂ ಗಂಗೆಯೇ ಎಂದು ನಮ್ಮ ಹಿರಿಯರಿಂದ ಕೇಳಿ ಬೆಳೆದವನು ನಾನು.

ಇದನ್ನು ಓದಿದವರು ನಿಮ್ಮ ಮನೆಯಲ್ಲಿ, ಬಸ್ಸಿನಲ್ಲಿ, ಯಾರಾದರೂ ಪಕ್ಕದಲ್ಲಿ ಕೂತಾಗ, ಅವರಿಗೂ ನಿಧಾನವಾಗಿ ಹೇಳಿ. ಆದರೆ ಹೇಳಿ ಮುಗಿಸುವಾಗ ಒಂದು ಮಾತು ಸೇರಿಸಿ: ಕೇಳಿದವರಲ್ಲಿ ಯಾರೂ ಆ ನೆಲ ರಿಪೇರಿ ಮಾಡಿಸಿ ಎಂದು ದಯವಿಟ್ಟು ಅರ್ಜಿ ಹಾಕಬಾರದು. ಗಂಗಯ್ಯನ ನಿವೃತ್ತಿಗೆ ಇನ್ನೂ ಹನ್ನೊಂದು ವರ್ಷವಿದೆ.